ಡುಬ್ಬವಿಲ್ಲದ ಹೋರಿ

ಚಿಕ್ಕವೆಂಕಟಮ್ಮ ಅರವತ್ತೊಂದು ವರ್ಷದಲ್ಲಿ ಏನೇನು ನೋಡಿರಲಿಲ್ಲ ಹೇಳಿ! ಕೆರೆ ಒಡೆದದ್ದು ನೋಡಿದ್ದಳು, ಮೈದುನ ಮದುವೆ ಚಪ್ಪರದಿಂದಲೇ ಓಡಿಹೋದದ್ದು ನೋಡಿದ್ದಳು. ಆದರೆ ಅವತ್ತು ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆದಾಗ ಕಂಡದ್ದನ್ನು ಮಾತ್ರ ಅವಳ ಕಣ್ಣೇ ನಂಬಲಿಲ್ಲ. ಮನೆಯ ಸೊಸೆ ಹರಿಣಿ, ಚೂಡಿದಾರದ ಮೇಲೆ ಗಂಡನ ಹಳೇ ಷರ್ಟು ಏರಿಸಿಕೊಂಡು, ಹೋರಿಯ ಬೆನ್ನ ಮೇಲೆ ಕೂತಿದ್ದಳು. ಕೂತಿದ್ದಳು ಅಂದರೆ ಹೇಗೆ? ಗಂಡಸರು ಬೈಕಿನ ಮೇಲೆ ಕೂರುವ ಹಾಗೆ, ಅತ್ತೊಂದು ಕಾಲು ಇತ್ತೊಂದು ಕಾಲು.

"ಓರಿ ನಾಯನೋ!" ಚಿಕ್ಕವೆಂಕಟಮ್ಮನ ಕೈಲಿದ್ದ ಪೊರಕೆ ಕೆಳಗೆ ಬಿತ್ತು. "ಇಳಿಯೇ! ಇಳೀತೀಯೋ ಇಲ್ವೋ! ಬಸವಣ್ಣನ ಮೇಲೆ ಕೂರೋಕೆ ನೀನೇನು ಪಾರ್ವತೀನಾ?"

"ಮೆಲ್ಲಗೆ ಅತ್ತೆ. ಚುಕ್ಕ ಹೆದರ್ತಾನೆ" ಅಂದಳು ಹರಿಣಿ.

ಚುಕ್ಕ ಹೆದರುತ್ತಾನಂತೆ! ಇಲ್ಲಿ ಅತ್ತೆಯ ಜೀವ ಬಾಯಿಗೆ ಬಂದಿದೆ, ಇವಳಿಗೆ ಹೋರಿಯ ಚಿಂತೆ.

ಈ ಚುಕ್ಕ ಮನೆಯ ಸೀಮೆ ಹಸುವಿನ ಕರು. ಕಪ್ಪು ಮೈ, ಹಣೆಯಲ್ಲಿ ಒಂದು ಬಿಳಿ ಚುಕ್ಕೆ. ಸೀಮೆ ಹಸು ಗಂಡು ಹಾಕಿದರೆ ಸಾದಲಿ ಸುತ್ತಮುತ್ತ ಯಾರ ಮನೆಯಲ್ಲೂ ಸಂಭ್ರಮವಿಲ್ಲ. ನಾಟಿ ಹೋರಿಯ ಹಾಗೆ ಬೆನ್ನ ಮೇಲೆ ಡುಬ್ಬ ಇರುವುದಿಲ್ಲವಲ್ಲ, ನೊಗ ಇಟ್ಟರೆ ಜಾರುತ್ತದೆ. ಹಾಲಿಲ್ಲ, ಉಳುಮೆಯಿಲ್ಲ, ತಿನ್ನುವುದಕ್ಕೆ ಮಾತ್ರ ಮುಂದು. ತಿಂಗಳು ತುಂಬುವುದರೊಳಗೆ ದಲ್ಲಾಳಿಯ ಕೈಗೆ ಹಗ್ಗ ಕೊಟ್ಟು ಕೈ ತೊಳೆದುಕೊಳ್ಳುವುದೇ ಎಲ್ಲರ ಪದ್ಧತಿ. ಆದರೆ ಆ ವರ್ಷವೇ ಪೆರೇಸಂದ್ರದಿಂದ ಮದುವೆಯಾಗಿ ಬಂದ ಹರಿಣಿ, "ಇರ್ಲಿ ಬಿಡಿ ಅತ್ತೆ, ನಾನು ನೋಡ್ಕೋತೀನಿ" ಅಂದಿದ್ದಳು. ಹೊಸ ಸೊಸೆ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು, ಹೇಗೆ ಇಲ್ಲ ಅನ್ನುವುದು?

ನೋಡಿಕೊಳ್ಳುವುದು ಅಂದರೆ ಹೀಗೆ ಅಂತ ಯಾರಿಗೆ ಗೊತ್ತಿತ್ತು! ಅತ್ತೆ ಹುಳುಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿರುವಾಗ ಇವಳು ಹಿತ್ತಿಲಲ್ಲಿ ಆರು ತಿಂಗಳಿಂದ ಹೋರಿಗೆ ಪಾಠ ಮಾಡುತ್ತಿದ್ದಳು. ಮೊದಲು ಬೆನ್ನ ಮೇಲೆ ಬರೀ ಗೋಣಿಚೀಲ. ಆಮೇಲೆ ಚೀಲದಲ್ಲಿ ಒಂದಿಷ್ಟು ಮರಳು, ದಿನಕ್ಕೆ ಒಂದೊಂದು ಬೊಗಸೆ ಜಾಸ್ತಿ. ಅದು ಮೈ ಒದರದೆ ನಿಂತರೆ ಒಂದು ಚೂರು ಬೆಲ್ಲ. ಆಮೇಲೆ ತನ್ನ ಎರಡು ಕೈಯ ಭಾರ, ಆಮೇಲೆ ಅದರ ಬೆನ್ನಿಗೆ ಹೊಟ್ಟೆ ಊರಿ ಅಡ್ಡ ಮಲಗುವುದು. ಕೊನೆಗೆ ಕೂರುವುದು. ಎಡ ಹೆಗಲಿಗೆ ಕಡ್ಡಿ ತಾಗಿಸಿದರೆ ಬಲಕ್ಕೆ ತಿರುಗುತ್ತಿತ್ತು, ಬಲಕ್ಕೆ ತಾಗಿಸಿದರೆ ಎಡಕ್ಕೆ. ಹೊಡೆದದ್ದು ಒಂದು ದಿನವೂ ಇಲ್ಲ.

"ತೋಟದಿಂದ ಸೊಪ್ಪು ತರೋಕೆ ಅತ್ತೆ" ಅಂದಳು ಕೆಳಗಿಳಿದು. "ದಿನಕ್ಕೆ ಮೂರು ಸಲ ತಲೆ ಮೇಲೆ ಹೊತ್ತು ಹೊತ್ತು ಕತ್ತು ಬಿದ್ದೋಗಿದೆ. ಕೆರೆ ಏರಿ ಮೇಲೆ ಬೈಕ್ ಹೋಗಲ್ಲ, ಟೈರು ಜಾರುತ್ತೆ. ಇವನು ಹೋಗ್ತಾನೆ."

ಮಾತು ಸುಳ್ಳಲ್ಲ. ಹಿಪ್ಪುನೇರಳೆ ತೋಟ ಇರುವುದು ಕೆರೆಯ ಆಚೆ ದಡದಲ್ಲಿ. ಮಗ ಚಿರಂಜೀವಿ ಗೌರಿಬಿದನೂರಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ. ಗಂಡ ವೆಂಕಟರಾಮಪ್ಪನಿಗೆ ಸೊಂಟ ನೋವು. ಹೊರುವವಳು ಸೊಸೆ ಒಬ್ಬಳೇ. ಆದರೂ ಬಸವಣ್ಣನ ಮೇಲೆ ಕೂರುವುದಾ? ವೆಂಕಟರಾಮಪ್ಪ ಕಿವಿ ಮುಚ್ಚಿಕೊಂಡು, "ಈ ಮನೆ ಉದ್ಧಾರ ಆದಂಗೇ" ಅಂದ.

ಚಿಕ್ಕವೆಂಕಟಮ್ಮ ತೀರ್ಪು ಕೊಟ್ಟಳು: "ಇದೊಂದು ಬೆಳೆ ನೋಡ್ತೀನಿ. ಗೂಡು ಚೆನ್ನಾಗಿ ಬಂದ್ರೆ ಹೋರಿ ಇರ್ಲಿ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಬಸವಣ್ಣನ ಶಾಪ ಅಂತ ತಿಳ್ಕೊಂಡು ಚಿಂತಾಮಣಿ ಸಂತೆಗೆ ಅಟ್ಟೋದೇ. ಒಪ್ಪಿಗೇನಾ?"

ಸಂತೆಗೆ ಹೋದ ಸೀಮೆ ಹೋರಿ ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಹರಿಣಿಗೂ ಗೊತ್ತು. ಒಂದು ಗಳಿಗೆ ಚುಕ್ಕನ ಹಣೆ ಸವರುತ್ತಾ ನಿಂತು, "ಒಪ್ಗೆ ಅತ್ತೆ" ಅಂದಳು.

ಚಿಕ್ಕವೆಂಕಟಮ್ಮನ ಬಾಯಲ್ಲಿ ಗೂಡಿನ ಮಾತು ಸುಮ್ಮನೆ ಬಂದದ್ದಲ್ಲ. ರೇಷ್ಮೆ ಹುಳದ ವಿಷಯದಲ್ಲಿ ಅವಳ ಕೈಗುಣ ದಿಬ್ಬೂರಹಳ್ಳಿಯವರೆಗೂ ಹೆಸರಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ಬೆಳೆಯೂ ಕೈಬಿಟ್ಟಿರಲಿಲ್ಲ. ಅವಳ ಹುಳುಮನೆಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಕೈ ತೊಳೆಯಬೇಕು, ತಲೆಯಲ್ಲಿ ಹೂವಿರಬಾರದು, ಮುಖಕ್ಕೆ ಪೌಡರ್ ಇರಬಾರದು. ಒಮ್ಮೆ ಸ್ವಂತ ನಾದಿನಿಯನ್ನೇ, ಸೀರೆಯಲ್ಲಿ ಊದುಬತ್ತಿ ವಾಸನೆ ಇದೆ ಅಂತ ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿದ್ದಳು. ಆ ನಾದಿನಿ ಇವತ್ತಿಗೂ ಮಾತಾಡುವುದಿಲ್ಲ. ಹೋಗಲಿ ಬಿಡಿ, ಹುಳ ಬದುಕಿತಲ್ಲ.

ಹೊಸ ಬೆಳೆ ಶುರುವಾಯಿತು. ಹರಿಣಿ ದಿನಕ್ಕೆ ಮೂರು ಸಲ ಚುಕ್ಕನ ಮೇಲೆ ಕೂತು ಏರಿ ದಾಟಿ ಹೋಗುವಳು, ಸೊಪ್ಪಿನ ಕಡ್ಡಿಗಳನ್ನು ಎರಡು ಹೊರೆ ಕಟ್ಟಿ ಅವನ ಎರಡೂ ಪಕ್ಕೆಗೆ ಇಳಿಬಿಟ್ಟು ಬರುವಳು. ಊರಿನವರು ಬಿಡುತ್ತಾರಾ? "ಏನಮ್ಮ, ನಿಮ್ ಬಸ್ಸಿಗೆ ಟಿಕೇಟು ಎಷ್ಟು?" ಅಂದರು. "ಹಾರ್ನ್ ಹಾಕ್ಸಮ್ಮ" ಅಂದರು. ಆದರೆ ಬಿಸಿಲು ಏರುವ ಮುಂಚೆ ಬಂದ ಸೊಪ್ಪು ಬಾಡದೆ ನಳನಳಿಸುತ್ತಿತ್ತು. ಹುಳ ಎರಡನೇ ಜ್ವರ ಎದ್ದಿತು, ಮೂರನೇ ಜ್ವರ ಎದ್ದಿತು. ಜ್ವರ ಅಂದರೆ ಹುಳ ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕನೆಯದೂ ಎದ್ದಾಗ ಒಂದೊಂದು ಹುಳ ಕಿರುಬೆರಳಷ್ಟು ದಪ್ಪ. ಇಂಥ ಹುಳವನ್ನು ಚಿಕ್ಕವೆಂಕಟಮ್ಮ ಹತ್ತು ವರ್ಷದಿಂದ ಕಂಡಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಒಂದು ಮಧ್ಯಾಹ್ನ ಅವಳೇ ಸೊಪ್ಪು ನೋಡಿಕೊಂಡು ಬರಲು ತೋಟಕ್ಕೆ ಹೋಗಿದ್ದಳು. ವಾಪಸ್ಸು ಬರುವಾಗ ಮಂಡಿ ಹಿಡಿದುಕೊಂಡಿತು. ಒಂದು ಹೆಜ್ಜೆ ಇಡಲಾಗದು. ಹರಿಣಿ ಸುತ್ತ ನೋಡಿದಳು. ನರಪಿಳ್ಳೆ ಇಲ್ಲ. ಚುಕ್ಕನನ್ನು ತೂಬಿನ ಕಲ್ಲಿನ ಪಕ್ಕಕ್ಕೆ ನಿಲ್ಲಿಸಿ, "ಹತ್ತಿ ಅತ್ತೆ" ಅಂದಳು.

"ಥೂ, ಹೋಗೇ!"

"ಯಾರೂ ಇಲ್ಲ, ಹತ್ತಿ."

ಹತ್ತಿದಳು ಕಣ್ರೀ! ಮೊದಲ ನಾಲ್ಕು ಹೆಜ್ಜೆ ಕಣ್ಣು ಮುಚ್ಚಿಕೊಂಡು ಬಸವಣ್ಣನ ಕ್ಷಮೆ ಕೇಳಿದಳು. ಐದನೇ ಹೆಜ್ಜೆಗೆ ಕಣ್ಣು ಬಿಟ್ಟಳು. ಕೆರೆಯ ನೀರು, ಅದರಾಚೆಗೆ ಊರು, ಊರಿನಾಚೆಗೆ ಬೆಟ್ಟ. ಮದುವೆಯಾಗಿ ಬಂದಾಗಿನಿಂದ ನಡೆದಾಡಿದ ಜಾಗವೇ, ಆದರೆ ತಲೆಯ ಮೇಲೆ ಹೊರೆಯಿಲ್ಲದೆ ಇಷ್ಟು ಎತ್ತರದಿಂದ ಯಾವತ್ತು ನೋಡಿದ್ದಳು? ನಗು ತಡೆಯಲಾಗಲಿಲ್ಲ. ಕೆಳಗೆ ಮೂಗುದಾರ ಹಿಡಿದು ನಡೆಯುತ್ತಿದ್ದ ಸೊಸೆಯೂ ನಕ್ಕಳು. ಊರು ಹತ್ತಿರವಾದ ಕೂಡಲೇ ಇಳಿದು, ಸೀರೆ ಸರಿಮಾಡಿಕೊಂಡು, ಏನೂ ಆಗದವಳಂತೆ ನಡೆದಳು.

ಸಾಯಂಕಾಲ ತೊಡೆಯಲ್ಲಿ ಏನೋ ಕಚ್ಚಿದಂತಾಯಿತು. ನೋಡಿದರೆ ಉಣ್ಣಿ! ಕೊಟ್ಟಿಗೆಗೆ ಹೋಗಿ ಚುಕ್ಕನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಎತ್ತಿದಳು. ಹುಣಸೆಬೀಜದ ಗಾತ್ರದ ಉಣ್ಣಿಗಳು ಸಾಲಾಗಿ ರಕ್ತ ಹೀರುತ್ತಾ ಕೂತಿದ್ದವು. "ಅಯ್ಯೋ ಮೂಗಜೀವ, ಹೇಳಬಾರ್ದೇನೋ" ಅಂದಳು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ದನದ ಆಸ್ಪತ್ರೆಯವರು ಕೊಟ್ಟ ಉಣ್ಣಿ ಔಷಧಿಯ ಬಾಟಲಿ ಇತ್ತು. ಬಕೆಟ್ ನೀರಿಗೆ ಬೆರೆಸಿ, ಬಟ್ಟೆ ಅದ್ದಿ, ಕುತ್ತಿಗೆ, ಬೆನ್ನು, ಪಕ್ಕೆ, ಹೊಟ್ಟೆ ಎಲ್ಲ ಚೆನ್ನಾಗಿ ಉಜ್ಜಿದಳು. ದಿನವೂ ಬೈಯುವ ಹೋರಿಯ ಸೇವೆ ಮಾಡುವುದನ್ನು ಸೊಸೆ ನೋಡಿಬಿಟ್ಟರೆ ನಾಚಿಕೆಗೇಡು ಅಂತ ಯಾರಿಗೂ ಹೇಳಲಿಲ್ಲ. ಆಮೇಲೆ ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಾಯಿಸಿಯೇ ಹುಳುಮನೆಗೆ ಹೋದಳು.

ಮಾರನೆಯ ಬೆಳಗ್ಗೆ ಹರಿಣಿ ಎಂದಿನಂತೆ ಸೊಪ್ಪು ತಂದಳು. ಅತ್ತೆ ಸೊಸೆ ಇಬ್ಬರೂ ಸೇರಿ ಹುಳಕ್ಕೆ ಹಾಕಿದರು. ಇನ್ನೆರಡು ದಿನ ಕಳೆದರೆ ಹುಳ ಹಣ್ಣಾಗಿ ಗೂಡು ಕಟ್ಟಬೇಕು.

ಹತ್ತು ಗಂಟೆಗೆ ಚಿಕ್ಕವೆಂಕಟಮ್ಮ ಮತ್ತೆ ಬಾಗಿಲು ತೆಗೆದಳು. ಒಳಗೆ ಸದ್ದಿಲ್ಲ. ಹುಳ ಮೇಯುವಾಗ ಮನೆ ತುಂಬ ಸರಸರ ಅನ್ನುತ್ತದೆ, ಆ ಸದ್ದು ಇಲ್ಲ. ಹತ್ತಿರ ಹೋದಳು. ಹುಳಗಳು ತಲೆ ಎತ್ತಿ ಅತ್ತಿತ್ತ ಒದರುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕಡ್ಡಿಯ ಮೇಲಿನಿಂದ ಒಂದೊಂದಾಗಿ ಉರುಳಿ, ಮೈ ತಿರುಚಿಕೊಂಡು ನೆಲಕ್ಕೆ ಬೀಳುತ್ತಿದ್ದವು. ಮೇಲಿನ ಅಟ್ಟಣೆಯಲ್ಲೂ ಹಾಗೇ, ಕೆಳಗಿನದರಲ್ಲೂ ಹಾಗೇ.

"ಅಯ್ಯಯ್ಯೋ! ಏನಂದ್ರೆ! ಬನ್ರೀ! ಹುಳ ಹೋಯ್ತು!"

ವೆಂಕಟರಾಮಪ್ಪ ಸೊಂಟ ಮರೆತು ಓಡಿಬಂದ. ಹರಿಣಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಚಿಕ್ಕವೆಂಕಟಮ್ಮ ಒಂದು ಕಡ್ಡಿ ಎತ್ತಿ ಮೂಸಿದಳು. ಸೀಮೆಎಣ್ಣೆಯಂಥ ಆ ವಾಸನೆ ಅವಳಿಗೆ ಗೊತ್ತು. ನಿನ್ನೆ ಸಂಜೆ ತನ್ನ ಕೈಯಾರೆ ಹಚ್ಚಿದ ಔಷಧಿ. ಅದೇ ಬೆನ್ನು, ಅದೇ ಪಕ್ಕೆ, ಅದರ ಮೇಲೆ ಉಜ್ಜಿಕೊಂಡು ಬಂದ ಸೊಪ್ಪು. ಉಣ್ಣಿ ಸಾಯುವ ಔಷಧಿಗೆ ರೇಷ್ಮೆ ಹುಳ ಉಳಿಯುತ್ತದಾ? ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ಅಲ್ಲವಾ!

"ಶಾಪ ಕಣೇ, ಶಾಪ" ವೆಂಕಟರಾಮಪ್ಪ ಹಣೆ ಚಚ್ಚಿಕೊಂಡ. "ಬಸವಣ್ಣನ ಬೆನ್ನೇರಿದ್ದಕ್ಕೆ ಹುಳ ತಕ್ಕೊಂಡೋಯ್ತು!"

ಚಿಕ್ಕವೆಂಕಟಮ್ಮ ಮೂಸಿದ ಕಡ್ಡಿಯನ್ನು ಮೆಲ್ಲಗೆ ಉಳಿದ ಕಡ್ಡಿಗಳ ನಡುವೆ ಇಟ್ಟುಬಿಟ್ಟಳು. ಹರಿಣಿ ಅತ್ತೆಯ ಮುಖ ಒಮ್ಮೆ ನೋಡಿ ತಲೆ ತಗ್ಗಿಸಿ, "ಒಪ್ಕೊಂಡಿದ್ದೆ ಅಲ್ವಾ ಮಾವ. ದಲ್ಲಾಳಿಗೆ ಫೋನ್ ಮಾಡಿ" ಅಂದಳು.

ಎರಡು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಹುಳಗಳನ್ನು ಬುಟ್ಟಿ ಬುಟ್ಟಿ ಹೊತ್ತು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದರು. ಬಂದವರೆಲ್ಲ, "ನಿನ್ ಕೈಗೇ ಹಿಂಗಾಯ್ತಾ ಚಿಕ್ಕವೆಂಕಟಮ್ಮ! ಆ ಹೋರಿ ಕಾಲ್ಗುಣ" ಅಂದರು. ಅಲ್ಲ ಅನ್ನಬೇಕು ಅಂತ ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ಮೂವತ್ತು ವರ್ಷದ ಹೆಸರು ಅಡ್ಡ ಬರುತ್ತಿತ್ತು. ಬಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದಳು, ಪಾಪಿ.

ಮೂರನೇ ದಿನ ಬೆಳಗ್ಗೆ ದಲ್ಲಾಳಿ ನಲ್ಲಪ್ಪ ಗೂಡ್ಸ್ ಆಟೋ ತಂದ. ಹಲಗೆ ಇಳಿಸಿ ಹಗ್ಗ ಎಳೆದ. ಚುಕ್ಕ ನಾಲ್ಕೂ ಕಾಲು ಊರಿ ನಿಂತುಬಿಟ್ಟ. ನಲ್ಲಪ್ಪ ಬಾಲಕ್ಕೆ ಕೈ ಹಾಕಿದ.

"ಬಾಲ ತಿರುಚ್ಬೇಡಿ ಅಣ್ಣ" ಅಂದಳು ಹರಿಣಿ. ತಾನೇ ಹಲಗೆ ಹತ್ತಿ ಮೇಲೆ ನಿಂತು, ಅಂಗೈಯಲ್ಲಿ ಬೆಲ್ಲ ಹಿಡಿದು, "ಬಾಪ್ಪ ಚುಕ್ಕ" ಅಂದಳು. ಚುಕ್ಕ ಒಂದೊಂದೇ ಕಾಲಿಟ್ಟು ಹತ್ತಿಹೋದ. ಅವಳು ಹೇಳಿಕೊಟ್ಟ ಹಾಗೇ, ಮೈ ಒದರದೆ.

ಅಷ್ಟೇ. ಚಿಕ್ಕವೆಂಕಟಮ್ಮನ ಒಳಗೆ ಕಟ್ಟಿಕೊಂಡಿದ್ದದ್ದು ಕಿತ್ತುಕೊಂಡು ಬಂತು. "ಇಳಿಸೋ ನಲ್ಲಪ್ಪ! ಇಳಿಸು ಅಂದೆ! ಶಾಪಾನೂ ಇಲ್ಲ, ಮಣ್ಣೂ ಇಲ್ಲ. ಉಣ್ಣಿ ಔಷಧಿ ಹಚ್ಚಿದ್ದು ನಾನು! ಹುಳ ಕೊಂದಿದ್ದು ನಾನು!"

ಬೀದಿಯಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರಿಣಿ ಮಾತ್ರ ಬೆಚ್ಚಲಿಲ್ಲ. ಆಟೋ ಮೇಲಿನಿಂದ ಇಳಿದು ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಗೊತ್ತು ಅತ್ತೆ" ಅಂದಳು ಮೆಲ್ಲಗೆ. "ಬೆಳಗ್ಗೆ ಆತುರದಲ್ಲಿ ಗಮನಕ್ಕೆ ಬರ್ಲಿಲ್ಲ. ಸಾಯಂಕಾಲ ಇವನ ಕುತ್ತಿಗೆ ತಬ್ಬಿಕೊಂಡಾಗ ವಾಸನೆ ಬಂತು. ನಾನೂ ಹಚ್ಚಿಲ್ಲ, ಮಾವ ಹೋರಿ ಹತ್ರಾನೇ ಬರಲ್ಲ. ಇನ್ಯಾರು?"

ಚಿಕ್ಕವೆಂಕಟಮ್ಮ ಆ ಕೈಗಳನ್ನು ಜಗ್ಗಿದಳು. "ಗೊತ್ತಿದ್ದೂ ಯಾಕೇ ಸುಮ್ನಿದ್ದೆ? ಹೋರೀನ ಕೊಟ್ಬಿಡ್ತಿದ್ದೆಯಲ್ಲೇ!"

"ನಿಮ್ಗೆ ಹೊಳೆದೇ ಇಲ್ಲ ಅಂದ್ಕೊಂಡೆ ಅತ್ತೆ. ನಿಮ್ ಕೈಯಿಂದ್ಲೇ ಹುಳ ಸತ್ತಿದ್ದು ಅಂತ ತಿಳಿದ್ರೆ ನೀವು ತಡ್ಕೊಳಲ್ಲ, ಇನ್ನು ಹುಳುಮನೆಗೆ ಕಾಲಿಡಲ್ಲ ಅಂತ..." ಹರಿಣಿ ಅಲ್ಲಿಗೇ ನಿಲ್ಲಿಸಿದಳು. ಅತ್ತೆಯ ಮುಖವನ್ನೇ ನೋಡಿದಳು. "ನಿಮ್ಗೆ ಯಾವಾಗ ಗೊತ್ತಾಯ್ತು?"

ಈಗ ಹೊಳೀತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಂಬಲು ಸೊಸೆ ಕಾದು ನಿಂತಿದ್ದಳು. ಆದರೆ ಚಿಕ್ಕವೆಂಕಟಮ್ಮನಿಗೆ ಆ ಕಣ್ಣಿನೆದುರು ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಅವತ್ತೇ ಕಣಮ್ಮ. ಕಡ್ಡಿ ಮೂಸಿದಾಗ್ಲೇ."

ಹರಿಣಿ ಕೆನ್ನೆಗೆ ಹೊಡೆಸಿಕೊಂಡವಳಂತೆ ನಿಂತಳು. ಹಿಡಿದಿದ್ದ ಕೈಗಳನ್ನು ಬಿಟ್ಟಳು. ಆಟೋ ಹತ್ತಿ ಚುಕ್ಕನನ್ನು ಇಳಿಸಿಕೊಂಡು, ಹಗ್ಗ ಹಿಡಿದು ಕೆರೆಯ ಕಡೆ ಹೊರಟಳು. ಮೇಲೆ ಕೂರಲಿಲ್ಲ, ಪಕ್ಕದಲ್ಲಿ ನಡೆದಳು.

ಚಿಕ್ಕವೆಂಕಟಮ್ಮ ಮಂಡಿ ಎಳೆದುಕೊಂಡು ಹಿಂದೆಯೇ ಹೋದಳು. "ಹರಿಣೀ" ಅಂತ ಕೂಗಿದಳು. ಇನ್ನೊಮ್ಮೆ ಕೂಗಿದಳು. ಹೋರಿ ತಿರುಗಿ ನೋಡಿತು. ಸೊಸೆ ನೋಡಲಿಲ್ಲ.