ತಗಡಣ್ಣನ ಕಾರು

ಅಪ್ಪನ ಎಡಗೈಯನ್ನು ಅವಳು ಬಿಳಿ ಹೊದಿಕೆಯಿಂದ ಹೊರಕ್ಕೆ ತೆಗೆದು ಎದೆಯ ಮೇಲಿಟ್ಟಳು. ತಮ್ಮ ಬಂದು ಅದನ್ನು ಮತ್ತೆ ಒಳಕ್ಕೆ ಸೇರಿಸಿ, ಬಟ್ಟೆಯ ಅಂಚನ್ನು ಶವಪೆಟ್ಟಿಗೆಯ ಬದಿಗೆ ತುರುಕಿದ.

"ಕೈ ಹೊರಗಿರಲಿ ಕಣೋ."

"ಅಕ್ಕ, ಕಾರ್ ಕ್ಲಬ್ಬಿನೋರು ಬರ್ತಿದ್ದಾರೆ. ಆ ಉಗುರು ನೋಡೋಕಾಗುತ್ತಾ?"

"ನಿನಗೆ ನೋಡೋಕಾಗಲ್ಲ ಅನ್ನು."

ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿಯೇ ಬೆಳೆದಿತ್ತು. ಗೆರೆಗಳಲ್ಲಿ ಕೂತಿದ್ದ ಲೋಹದ ಕಪ್ಪು, ಬೆಳಗ್ಗೆ ಅವಳು ಎಷ್ಟು ಸೋಪು ಹಚ್ಚಿ ಉಜ್ಜಿದರೂ ಹೋಗಿರಲಿಲ್ಲ. ಅವಳು ಮತ್ತೆ ಕೈ ಚಾಚಿದಳು. ತಮ್ಮ ಅವಳ ಮಣಿಕಟ್ಟು ಹಿಡಿದುಕೊಂಡ.

"ಸತ್ತೋರ ಕೈ ಹಿಡಿದು ಎಳೆದಾಡ್ತೀರಲ್ಲ," ಎಂದಳು ಸ್ಟೂಲಿನ ಮೇಲೆ ಕೂತಿದ್ದ ಅಮ್ಮ. "ಆಚೆ ಹೋಗಿ ಇಬ್ಬರೂ. ಬದುಕಿದ್ದಾಗ ಯಾರೂ ಹಿಡೀಲಿಲ್ಲ."

ಕೈ ಒಳಗೇ ಉಳಿಯಿತು.

ಪೆಟ್ಟಿಗೆಯನ್ನು ಮನೆಯಲ್ಲಿಡದೆ ಶೆಡ್ಡಿನಲ್ಲೇ ಇಟ್ಟಿದ್ದರು. ಅಪ್ಪ ಬದುಕಿದ್ದೂ ಹೆಚ್ಚು ಕಡಿಮೆ ಅಲ್ಲಿಯೇ. ತಗಡು ಬಡಿದು ಕಾರಿಗೆ ಮೈ ಮಾಡುವವನಾದ್ದರಿಂದ ಊರಿಗೆಲ್ಲ ಅವನು ತಗಡಣ್ಣ. ಅವನ ನಿಜವಾದ ಹೆಸರನ್ನು ಬೆಳಗ್ಗೆ ವೈದ್ಯರು ಕೇಳಿದಾಗ ಪಕ್ಕದ ಮನೆಯವರೂ ಹೊಸದೆಂಬಂತೆ ಕಿವಿಗೊಟ್ಟಿದ್ದರು. ಮಗಳು ಅದೇ ಶೆಡ್ಡಿನ ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಾರಿನ ಸೀಟು ಹೊಲಿಯುತ್ತಿದ್ದಳು. ಮಗ ಮಾತ್ರ ಸುತ್ತಿಗೆ ಮುಟ್ಟಿದವನಲ್ಲ. ಎಲ್ಲರೂ ಯಜಮಾನರೆನ್ನುವ ಸಿರಿವಂತರೊಬ್ಬರ ಹಳೇ ರೇಸು ಕಾರನ್ನು ಕ್ಲಬ್ಬಿನ ಕೂಟಗಳಲ್ಲಿ ಓಡಿಸಿ ತೋರಿಸುವುದು ಅವನ ಕೆಲಸ. ಬಿಳಿ ಅಂಗಿ, ಚರ್ಮದ ಟೋಪಿ, ಚಪ್ಪಾಳೆ.

ಹೊರಗೆ ಆ ಕಾರಿನದೇ ಸದ್ದು ಕೇಳಿಸಿತು. ಓಣಿಯ ಎರಡೂ ಗೋಡೆಗಳಿಗೆ ಬಡಿದು ಬರುವ ಒರಟು ಗುಡುಗು. ಅವಳು ಬಾಗಿಲಿಗೆ ಹೋದಳು. ಯಜಮಾನರು ಹಸಿರು ಕಾರನ್ನು ಶೆಡ್ಡಿನ ಎದುರೇ, ಅರ್ಧ ಓಣಿ ಮುಚ್ಚುವ ಹಾಗೆ ನಿಲ್ಲಿಸಿ ಇಳಿಯುತ್ತಿದ್ದರು. ಶವದ ವ್ಯಾನು ಒಳಗೆ ಬರಲಾಗದೆ ಓಣಿಯ ಬಾಯಲ್ಲೇ ನಿಂತಿತು.

"ಇಲ್ಲಿ ಯಾಕೆ ನಿಲ್ಲಿಸಿದ್ರಿ?" ಎಂದಳು.

"ಗೌರವಕ್ಕಮ್ಮ. ಪೆಟ್ಟಿಗೆ ಹೊರಗೆ ಬರೋವಾಗ ಇಂಜಿನ್ ಚಾಲೂ ಇರಬೇಕು. ಕ್ಲಬ್ಬಿನ ಪದ್ಧತಿ ಅದು, ಮೆಂಬರುಗಳಿಗೆ ಮಾತ್ರ ಮಾಡೋದು."

"ಅಪ್ಪ ಯಾವತ್ತು ಮೆಂಬರ್ ಆಗಿದ್ದ?"

ಯಜಮಾನರು ಕಾರಿನ ಬಾಗಿಲು ಮುಚ್ಚಿದರು. ಅವರ ಹಿಂದೆ ಕ್ಲಬ್ಬಿನವರು ಟೋಪಿ ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲ ಮೊದಲು ಕಾರನ್ನು ನೋಡಿದರು, ಆಮೇಲೆ ಶೆಡ್ಡನ್ನು. ಕೂಟಗಳಲ್ಲಿ ಮೈಕು ಹಿಡಿದು ಕಾರುಗಳ ಕತೆ ಹೇಳುವ ಮೈಕಣ್ಣನೂ ಬಂದಿದ್ದ, ಸ್ಪೀಕರಿನ ಸಮೇತ.

"ಎರಡು ಮಾತು ಆಡ್ತೀನಮ್ಮ," ಎಂದ ಅವನು. "ಈ ಕಾರಿನ ಜೊತೆ ಕಾರ್ಖಾನೆಯಿಂದಲೇ ಬಂದ ಮೈಯನ್ನ ತಗಡಣ್ಣ ಮಗು ಥರ ಒರೆಸಿ ಒರೆಸಿ ಕಾಪಾಡಿದ್ರು ಅಂತ."

"ಒರೆಸಿ?"

"ಹೂಂ. ಯಾಕೆ?"

"ಒರೆಸಲಿಲ್ಲ, ಮಾಡಿದ. ಹಾಗೆ ಹೇಳೋದಾದ್ರೆ ಹೇಳಿ. ಇಲ್ಲದಿದ್ರೆ ಮೈಕು ಎತ್ತಿಕೊಂಡು ಹೋಗಿ."

ಮೈಕಣ್ಣ ನಕ್ಕ. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡಿರಬೇಕು. ಯಜಮಾನರು ನಗಲಿಲ್ಲ.

*

ಆಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಗುಡ್ಡದ ರಸ್ತೆಯಲ್ಲಿ ಒಬ್ಬರೇ ಅಭ್ಯಾಸಕ್ಕೆ ಹೊರಟ ಯಜಮಾನರು ತಿರುವಿನಲ್ಲಿ ಕಾರನ್ನು ಮಗುಚಿದರು. ಅವರು ಹೊರಗೆ ಹಾರಿ ಬಿದ್ದು ಉಳಿದುಕೊಂಡರು; ಕಾರು ಹೊತ್ತಿಕೊಂಡಿತು. ಟಾರ್ಪಾಲು ಮುಚ್ಚಿ ಶೆಡ್ಡಿಗೆ ತಂದಾಗ ಇದ್ದದ್ದು ಇಂಜಿನ್ನು, ಅಡಿಯ ಕಬ್ಬಿಣದ ಚೌಕಟ್ಟು, ನಂಬರು ಕೊರೆದ ಒಂದು ಹಿತ್ತಾಳೆಯ ಚೂರು. ಮೈಯೆಲ್ಲ ಕರಗಿ ಚೌಕಟ್ಟಿನಿಂದ ಮೇಣದ ಹಾಗೆ ಇಳಿದಿತ್ತು.

ಅಪ್ಪ ಹಳೇ ಫೋಟೋಗಳನ್ನು ಗೋಡೆಗೆ ಅಂಟಿಸಿಕೊಂಡ. ಮರಳು ತುಂಬಿದ ಚರ್ಮದ ಚೀಲದ ಮೇಲೆ ಅಲ್ಯೂಮಿನಿಯಂ ಹಾಳೆಯಿಟ್ಟು ಬಡಿಯತೊಡಗಿದ. ಬಡಿಯುವುದು, ಕಣ್ಣು ಮುಚ್ಚಿ ಅಂಗೈಯಿಂದ ಸವರುವುದು, ಮತ್ತೆ ಬಡಿಯುವುದು. ಎರಡು ಬೇಸಿಗೆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಲಿಲ್ಲ, ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಸೀಟು ಹೊಲಿಯುವುದನ್ನು ಅವಳು ಕಲಿತದ್ದು ಆ ಕಾರಿನ ಮೇಲೆಯೇ. ಮುಗಿದ ದಿನ ಕಾರು ಆಗ ತಾನೇ ಮಿಂದು ಬಂದಂತೆ ನಿಂತಿತ್ತು. ಅಪ್ಪ ಸುತ್ತ ಒಂದು ಬಾರಿ ನಡೆದ.

"ಚೆನ್ನಾಗಿದೆ," ಎಂದ. "ಈಗ ಹಾಳು ಮಾಡೋಣ."

ಬಾಗಿಲಿನ ಅಂಚಿನಲ್ಲಿ, ಚಾಲಕನ ಮೊಣಕೈ ತಾಗುವಷ್ಟು ಜಾಗದಲ್ಲಿ, ಬಣ್ಣವನ್ನು ಉಜ್ಜಿ ಮಾಸಿಸಿದ. ಬೀಗದ ಕೈಗಳ ಗೊಂಚಲನ್ನು ಬಾನೆಟ್ಟಿನ ಮೇಲೆ ಬೀಳಿಸಿ ಬೀಳಿಸಿ ಗುರುತು ಮಾಡಿದ. ಅವಳು ಹೊಲಿದ ಸೀಟಿಗೆ ಇಟ್ಟಿಗೆ ಪುಡಿ ಸವರಿ, ಅದರ ಮೇಲೆ ಕೂತು ಹೊರಳಾಡಲು ಅವಳಿಗೇ ಹೇಳಿದ. ಅವಳು ಅಳುತ್ತಾ ಹೊರಳಾಡಿದಳು.

"ಅಳ್ತೀಯಾಕೆ ಹುಚ್ಚಿ? ಹೊಸದು ಯಾರು ಬೇಕಾದ್ರೂ ಮಾಡ್ತಾರೆ. ಯಾರೋ ಹಳಬರು ಕೂತು ಹೋಗಿರೋ ಥರ ಮಾಡೋದಿದೆಯಲ್ಲ, ಅದು ಕಷ್ಟ."

*

ಯಜಮಾನರು ಅವಳನ್ನು ಹೊಲಿಗೆ ಯಂತ್ರದ ಹಿಂದಕ್ಕೆ ಕರೆದೊಯ್ದರು. ತಮ್ಮನೂ ಹಿಂದೆ ಬಂದ.

"ಮುಂದಿನ ತಿಂಗಳು ಕಾರು ಹೊರದೇಶಕ್ಕೆ ಹೋಗ್ತಿದೆ," ಎಂದರು ಯಜಮಾನರು ದನಿ ತಗ್ಗಿಸಿ. "ಅಲ್ಲಿನ ಕೂಟಕ್ಕೆ ಮೂಲ ಮೈ ಇರೋ ಕಾರು ಮಾತ್ರ ಸೇರಿಸ್ತಾರೆ. ಇವತ್ತು ನೀನು ಬಾಯಿ ಬಿಟ್ಟರೆ ಅದು ಬರೀ ನಕಲು."

"ನಕಲು ಅನ್ನಬೇಡಿ."

"ಮತ್ತೆ ಏನನ್ನಲಿ?"

"ಅಪ್ಪ ಮಾಡಿದ ಕಾರು ಅನ್ನಿ. ಒಂದೇ ಒಂದು ಸಲ. ಪೆಟ್ಟಿಗೆ ಈ ಬಾಗಿಲು ದಾಟೋ ಮೊದಲು."

"ಅಕ್ಕ, ನನ್ನ ಗತಿ ಏನು?" ತಮ್ಮನ ಕುತ್ತಿಗೆಯ ನರ ಉಬ್ಬಿತ್ತು. "ಆ ಕಾರಿಲ್ಲದೆ ನಾನು ಯಾರು?"

"ಅದನ್ನೇ ನಾನೂ ಕೇಳ್ತಿರೋದು."

ತಮ್ಮ ಕೈ ಎತ್ತಿದ. ಎತ್ತಿದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹೊಲಿಗೆ ಯಂತ್ರದ ಚಕ್ರದ ಮೇಲಿಟ್ಟ. ಅಷ್ಟರಲ್ಲಿ ಅಮ್ಮ ಅಲ್ಲಿಗೆ ಬಂದಳು.

"ನಿಮ್ಮಪ್ಪಾನೇ ಬಾಯಿ ಬಿಡಲಿಲ್ಲ," ಎಂದಳು ಮಗಳ ಮುಖಕ್ಕೆ ಮುಖ ಕೊಟ್ಟು. "ನನ್ನ ತಂಗಿಗೂ ಹೇಳಬೇಡ ಅಂದಿದ್ರು. ಹೇಳಲಿಲ್ಲ ನಾನು. ಇವತ್ತು ಅವರು ಎದ್ದು ಬಂದು ತಡೆಯಲ್ಲ ಅಂತ ತಾನೇ ನಿನ್ನ ಧೈರ್ಯ?"

"ಅಮ್ಮ, ಅಪ್ಪನಿಗೇ ಅನ್ಯಾಯ ಅಲ್ವಾ?"

"ಅದು ಅವರಿಷ್ಟ. ಮಧ್ಯೆ ನೀನ್ಯಾರೇ?"

ಅಮ್ಮ ಅವಳಿಗೆ ಯಾವತ್ತೂ ಹಾಗೆ ಅಂದಿರಲಿಲ್ಲ. ಯಜಮಾನರು ಕೋಟು ಸರಿಮಾಡಿಕೊಂಡು, ಅಮ್ಮನಿಗೆ ತಲೆಬಾಗಿ ಹೊರಗೆ ಹೋದರು.

*

ಅಪ್ಪ ಕೂಟಕ್ಕೆ ಒಂದೇ ಸಲ ಹೋದದ್ದು, ಟಿಕೀಟು ಕೊಂಡು, ಅವಳನ್ನೂ ಕರೆದುಕೊಂಡು. ಹುಲ್ಲುಹಾಸಿನ ಮೇಲೆ ಹಳೇ ರೇಸು ಕಾರುಗಳು ಸಾಲಾಗಿ ನಿಂತಿದ್ದವು. ಬಿಸಿ ಎಣ್ಣೆಯ ವಾಸನೆ, ಛತ್ರಿ ಹಿಡಿದ ಹೆಂಗಸರು, ಇಂಜಿನ್ನು ಗುಡುಗಿದಾಗೆಲ್ಲ ಕಿವಿ ಮುಚ್ಚಿಕೊಂಡು ನಗುವ ಮಕ್ಕಳು. ಹಸಿರು ಕಾರಿನ ಸುತ್ತ ಹಗ್ಗ ಕಟ್ಟಿದ್ದರು. ಬಾನೆಟ್ಟಿನ ಚರ್ಮದ ಪಟ್ಟಿ ಸ್ವಲ್ಪ ಹೊರಳಿತ್ತು. ಅಪ್ಪ ಹಗ್ಗದ ಮೇಲಿಂದ ಬಾಗಿ ಅದನ್ನು ಸರಿಮಾಡಲು ಕೈ ಚಾಚಿದ.

"ಏಯ್, ಮುಟ್ಟಬೇಡಿ!" ಕಾವಲಿನವನು ಓಡಿ ಬಂದ. "ಗೊತ್ತಾಗಲ್ವಾ? ಇಂಥಾ ಕೆಲಸ ಈಗ ಯಾರಿಗೂ ಬರಲ್ಲ ಕಣ್ರೀ. ಹಾಳಾದ್ರೆ ಮುಗೀತು."

"ತಪ್ಪಾಯ್ತು ಸಾರ್," ಎಂದ ಅಪ್ಪ.

ಮನೆಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದ. "ಯಾರಿಗೂ ಬರಲ್ಲವಂತೆ, ಕೇಳಿದ್ಯಾ?" ಎಂದು ಮೊಣಕೈಯಲ್ಲಿ ತಿವಿದ. ಅಷ್ಟು ಸಂತೋಷವನ್ನು ಅವನ ಮುಖದಲ್ಲಿ ಅವಳು ಮೊದಲು ಕಂಡಿರಲಿಲ್ಲ. ಆ ಸಂತೋಷಕ್ಕಾಗಿ ಅವಳು ಅವನನ್ನು ಕ್ಷಮಿಸಲೇ ಇಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ಮುಂದೆ ಒಂದೇ ಶೆಡ್ಡಿನಲ್ಲಿ, ಬೆನ್ನಿಗೆ ಬೆನ್ನು ಮಾಡಿ, ಇಬ್ಬರೂ ಅವರವರ ಕೆಲಸ ಮಾಡಿದರು. ಅವಳು ಯಾಕೆ ಮುನಿದಳೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ.

*

ಪೆಟ್ಟಿಗೆಗೆ ಮುಚ್ಚಳ ಹಾಕಿದರು. ಮುಂದಿನ ಬಲಮೂಲೆಗೆ ಅವಳು ಹೆಗಲು ಕೊಟ್ಟಳು.

"ನಿನಗೆ ಭಾರ ಆಗುತ್ತೆ, ಬಿಡು," ಎಂದ ಎಡಮೂಲೆಯ ತಮ್ಮ.

"ನೀನು ನಿನ್ನ ಕಡೆ ನೋಡ್ಕೋ."

ಹಿಂದೆ ನೆರೆಯವರಿಬ್ಬರು ಹೆಗಲು ಕೊಟ್ಟರು. ಬಾಗಿಲು ದಾಟುತ್ತಿದ್ದಂತೆ ಯಜಮಾನರು ಕೈ ಎತ್ತಿದರು. ಕ್ಲಬ್ಬಿನವನೊಬ್ಬ ಇಂಜಿನ್ನು ಚಾಲೂ ಮಾಡಿದ. ಓಣಿ ನಡುಗಿತು. ಆ ಗುಡುಗಿನ ನಡುವೆ ಸ್ಪೀಕರಿನಿಂದ ಮೈಕಣ್ಣನ ದನಿ ಮೆತ್ತಗೆ, ಎಣ್ಣೆ ಹಾಕಿದಂತೆ ಬಂತು: "ಇಂಥದೊಂದು ಚರಿತ್ರೆಯನ್ನ ಕೈಯಲ್ಲಿ ಹಿಡಿದೂ, ಅದರ ಒಂದು ಮೊಳೆಯನ್ನೂ ಬದಲಿಸದೆ, ತನ್ನದೇನನ್ನೂ ಸೇರಿಸದೆ..."

ಕಾರು ಬಲಗಡೆಗಿತ್ತು. ಗೋಡೆಗೂ ಕಾರಿಗೂ ನಡುವೆ ಪೆಟ್ಟಿಗೆ ಹೋಗುವಷ್ಟೇ ದಾರಿ.

"ಅಕ್ಕ, ಎಡಕ್ಕೆ."

ಅವಳು ನೇರಕ್ಕೆ ನಡೆದಳು.

"ಎಡಕ್ಕೆ ಬಾ ಅಂದ್ನಲ್ಲ! ಅಕ್ಕ! ನನ್ನ ಕಡೆ..."

ತಮ್ಮ ತನ್ನ ಮೂಲೆಯನ್ನು ಎಳೆದ. ಅವಳು ಹೆಗಲು ಬಗ್ಗಿಸಿ, ಮೈಯ ಭಾರವನ್ನೆಲ್ಲ ಬಲಕ್ಕೆ ಬಿಟ್ಟಳು. ಪೆಟ್ಟಿಗೆಯ ಮೂಲೆ ಜಾರಿ ಕಾರಿನ ಮುಂದಿನ ಮಡ್‌ಗಾರ್ಡಿನ ಉಬ್ಬಿನೊಳಕ್ಕೆ ಇಳಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ತಟ್ಟಿ ತಟ್ಟಿ ತೆಳುವಾದ ತಗಡು ಅದು. ಅಂಗೈಯಗಲ ಒಳಕ್ಕೆ ಹೋಗಿ ಹಾಗೇ ನಿಂತಿತು. ಸುತ್ತ ಬಣ್ಣ ಒಡೆದು ಉದುರಿತು.

ಇಂಜಿನ್ನು ನಿಂತಿತು. ಮೈಕಣ್ಣನೂ ನಿಂತ.

ಯಜಮಾನರು ಎರಡೇ ಹೆಜ್ಜೆಯಲ್ಲಿ ಬಂದು ಮಡ್‌ಗಾರ್ಡಿನ ಮುಂದೆ ಮೊಣಕಾಲೂರಿದರು. ತಗ್ಗನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡರು. ಶೆಡ್ಡಿನ ತೆರೆದ ಬಾಗಿಲಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದರು:

"ತಗಡಣ್ಣಾ! ಎಲ್ಲಿದ್ದಾನ್ರೀ ಅವನು? ಕರೀರಿ ಯಾರಾದ್ರೂ! ಇದನ್ನ ಅವನೇ ನೋಡಬೇಕು, ಬೇರೆಯವರ ಕೈಗೆ ಕೊಡೋ ಹಾಗಿಲ್ಲ..."

ಪಕ್ಕದಲ್ಲೇ ನಿಂತಿದ್ದ ಮೈಕಣ್ಣ ಮೈಕು ಆರಿಸಿರಲಿಲ್ಲ. ಕೂಗು ಸ್ಪೀಕರಿನಿಂದ ಹೊರಟು ಓಣಿಯ ಕೊನೆಯವರೆಗೂ ಹೋಯಿತು. ಕ್ಲಬ್ಬಿನವರೆಲ್ಲ ಶೆಡ್ಡಿನ ಬಾಗಿಲು ನೋಡಿದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ತಮ್ಮ ಹಲ್ಲು ಕಚ್ಚಿ, "ನಡಿ," ಎಂದ.

ನಡೆದರು. ವ್ಯಾನಿನ ಹತ್ತಿರ ಪೆಟ್ಟಿಗೆ ಇಳಿಸಿ ಒಳಕ್ಕೆ ತಳ್ಳುವಾಗ ಡ್ರೈವರು ತನ್ನ ಬಟ್ಟೆ ತೆಗೆದು ಮೂಲೆಯನ್ನು ಒರೆಸಲು ಬಂದ. ಅವಳು ಅವನ ಕೈ ತಡೆದಳು. ಹೊಸ ಮರದ ಮೇಲೆ ಹಸಿರು ಬಣ್ಣದ ಒಂದು ಗೀರು ಅಂಟಿಕೊಂಡಿತ್ತು, ಅದರ ನಡುವೆ ಕೂದಲೆಳೆಯಷ್ಟು ಹೊಳೆಯುವ ಅಲ್ಯೂಮಿನಿಯಂ.