ಗಂಗಹನುಮಯ್ಯನ ಸೂರು

"ಚಟ್ಟ ಕಟ್ಟೋದು ನಿಲ್ಸ್ರಲಾ!"

ನರಸಯ್ಯ ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬಂದ. ಬಿದಿರಿಗೆ ಹುರಿ ಸುತ್ತುತ್ತಿದ್ದ ಗುಂಡಯ್ಯನ ಕೈ ಹಾಗೇ ನಿಂತಿತು. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದವರೆಲ್ಲ ಕತ್ತು ತಿರುಗಿಸಿದರು. ಬೇವಿನ ಮರದ ಕೆಳಗೆ ತನ್ನ ಸ್ಕೂಟಿಗೆ ಒರಗಿ ನಿಂತಿದ್ದ ಮಾನಸಾ ಕಣ್ಣೊರೆಸಿಕೊಂಡು ನೋಡಿದಳು.

ನರಸಯ್ಯ ಸತ್ತ ಗಂಗಹನುಮಯ್ಯನ ದೊಡ್ಡಪ್ಪನ ಮಗ. ಗುಬ್ಬಿಯಿಂದ ಸಿ.ಎಸ್. ಪುರಕ್ಕೆ ಓಡಾಡುವ ಪ್ರೈವೇಟ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಈಗ ಆ ವಂಶಕ್ಕೆಲ್ಲ ಅವನೇ ಹಿರಿಯ. ಮದುವೆಯಾಗಲಿ ಸಾವಾಗಲಿ, ಅವನ ಮಾತು ಮೀರಿ ಏನೂ ನಡೆಯುತ್ತಿರಲಿಲ್ಲ.

"ಜೋಯಿಸರಿಗೆ ಫೋನ್ ಮಾಡಿದ್ದೆ. ಬೆಳಗಿನ ಜಾವ ನಾಲ್ಕೂವರೆ ಅಂದ್ರೆ ಧನಿಷ್ಠಾ ಪಂಚಕವಂತೆ. ಆ ನಕ್ಷತ್ರದಲ್ಲಿ ಹೋದ ಜೀವ ಮನೆ ಬಿಟ್ಟು ಹೋಗಲ್ಲ. ಇನ್ನೊಬ್ರನ್ನ ಜೊತೆಗೆ ಕರೀತದೆ. ಮಣ್ಣು ಮಾಡಿ ಬಂದಿದ್ದೇ ಮನೆಗೆ ಬೀಗ ಹಾಕ್ಬೇಕು. ಆರು ತಿಂಗಳು ಇಲ್ಲಿ ಯಾರೂ ದೀಪ ಹಚ್ಚಂಗಿಲ್ಲ."

"ಗಂಗಣ್ಣ ಯಾರನ್ನ ಕರೀತಾನೆ ಬುಡಣ್ಣ," ಎಂದ ಗುಂಡಯ್ಯ. ನಲವತ್ತು ವರ್ಷ ಗಂಗಹನುಮಯ್ಯನಿಗೆ ಏಣಿ ಹಿಡಿದವನು ಅವನು. "ಬದುಕಿದ್ದಾಗ ಟೀ ಕುಡಿಯಾಕೂ ಯಾರನ್ನೂ ಕರೀದೆ ಒಬ್ನೇ ಹೋಗೋನು."

ಒಂದಿಬ್ಬರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು.

"ನಗಬ್ಯಾಡ್ರಲಾ. ನಮ್ಮ ಚಿಕ್ಕಪ್ಪ ಹೋದಾಗ್ಲೂ ಹಿಂಗೇ ನಕ್ರು. ಮನೇಲಿದ್ದೋರು ಯಾರೂ ಮನೆ ಬಿಡ್ಲಿಲ್ಲ. ಮೂರು ತಿಂಗಳಿಗೆ ಚಿಕ್ಕಮ್ಮನೂ ಹೋದ್ಲು. ಇಬ್ರಿಗೂ ನಾನೇ ಹೆಗಲು ಕೊಟ್ಟಿದೀನಿ." ನರಸಯ್ಯನ ದನಿ ತಗ್ಗಿತು. ಆಮೇಲೆ ಯಾರೂ ನಗಲಿಲ್ಲ.

ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಗಂಡನ ತಲೆಯ ಹತ್ತಿರ ಹನುಮಂತಮ್ಮ ಕುಳಿತಿದ್ದಳು. ಅಲ್ಲಿಂದಲೇ ಹೇಳಿದಳು. "ಭಾವ, ನಾನೆಲ್ಲಿಗೂ ಹೋಗಲ್ಲ."

"ಕುಣಿಗಲ್ಲಿಗೆ ಬಾರವ್ವ. ನಮ್ಮನೇಲಿ ಇದ್ರಾಯ್ತು," ಎಂದಳು ಮಗಳು ಮಂಜುಳಮ್ಮ. ಅವಳನ್ನು ಕೊಟ್ಟಿದ್ದದ್ದು ಕುಣಿಗಲ್ಲಿಗೆ.

"ನಿಮ್ಮನೇಲಿ ಇರಾಕೇನು, ಇರ್ತೀನಿ ಕಣೇ. ಈ ಮನೆ ಇರಬೇಕಲ್ಲ? ಒಲೆ ಹೊಗೆ ಕಾಣದ ಮನೆಗೆ ಗೆದ್ದಲು ಹಿಡೀತದೆ ಅಂತ ನಿಮ್ಮಪ್ಪ ಊರೂರಿಗೆ ಹೇಳ್ಕೊಂಡು ಬಂದ. ಮುಂದೆ ಮಳೆಗಾಲ. ಕೋತಿ ಒಂದು ಹೆಂಚು ಎತ್ತಿ ಹಾಕಿದ್ರೆ ಸಾಕು, ತೊಲೆಯೆಲ್ಲ ನೆನೆದು ಕೂರ್ತವೆ. ಆರು ತಿಂಗಳು ಬಿಟ್ಟು ಬಂದ್ರೆ ಬೀಗ ಇರುತ್ತೆ, ಮನೆ ಇರಲ್ಲ."

ಅಂಗಳದಲ್ಲಿದ್ದ ಮುಕ್ಕಾಲು ಪಾಲು ಜನರ ಮನೆಯ ಹೆಂಚು ಕೈಯಾಡಿಸಿ ಸರಿಮಾಡಿದವನು ಗಂಗಹನುಮಯ್ಯನೇ. ಈ ಮಾತನ್ನು ಅವರೆಲ್ಲ ಅವನ ಬಾಯಲ್ಲೇ ಕೇಳಿದ್ದರು.

ನರಸಯ್ಯ ಕುರ್ಚಿ ಎಳೆದುಕೊಂಡು ಕುಳಿತ. ಕೆಟ್ಟ ಮನುಷ್ಯನಲ್ಲ ಅವನು. ಹೆದರಿದ್ದ, ಅಷ್ಟೆ. "ಒಂದೇ ಒಂದು ದಾರಿ ಐತೆ. ಉಸಿರು ಹೋದ ಗಳಿಗೇಲಿ ಸೂರಿನಲ್ಲಿ ತೆರಪು ಇದ್ದಿದ್ರೆ ಜೀವ ನೆಟ್ಟಗೆ ಮೇಲಕ್ಕೆ ಹೋಗಿರ್ತದೆ. ಆಗ ಮನೆ ಬಿಡೋದು ಬ್ಯಾಡ, ಒಂದು ಶಾಂತಿ ಮಾಡ್ಸಿದ್ರೆ ಸಾಕು. ಜೋಯಿಸರೂ ಹೂಂ ಅಂದವ್ರೆ."

"ಗಂಗಣ್ಣನ ಸೂರಿನಲ್ಲಿ ತೆರಪಾ?" ಎಂದ ಗುಂಡಯ್ಯ. "ಇರುವೆ ಬರಬೇಕಾದ್ರೂ ಬಾಗಿಲಿಂದ್ಲೇ ಬರಬೇಕು."

ಮಂಜುಳಮ್ಮ ಮೆಟ್ಟಿಲಿಳಿದು ಬೇವಿನ ಮರದ ಕಡೆಗೆ ಬಂದಳು. "ಮಾನಸಾ, ಡ್ರೋನ್ ತಂದಿದೀಯಲ್ಲ? ಹಾರ್ಸಿ ನೋಡವ್ವ. ಎಲ್ಲಾದ್ರೂ ಒಂದು ಹೆಂಚು ಒಡೆದಿರಬಹುದು."

ಡ್ರೋನ್ ಹಾರಿಸಿ ಹಳೆಯ ಸೂರುಗಳನ್ನು ನೋಡಿಕೊಡುವುದು ಮಾನಸಾಳ ಕಸುಬು; ಅದು ಸ್ಕೂಟಿಯಲ್ಲೇ ಇತ್ತು. ಅವತ್ತು ಬೆಳಿಗ್ಗೆ ಅವಳು ಕ್ಯಾತ್ಸಂದ್ರದಿಂದ ಹೊರಟಿದ್ದು ಗಂಗಹನುಮಯ್ಯನನ್ನು ಹಿಂದೆ ಕೂರಿಸಿಕೊಂಡು ಒಂದು ಹಳೆಯ ಸ್ಕೂಲಿನ ಚಾವಣಿ ನೋಡಲು ಹೋಗುವುದಕ್ಕೆ. ಗುಬ್ಬಿ ದಾಟುವಾಗ ಮಂಜುಳಮ್ಮನ ಫೋನು ಬಂದಿತ್ತು. ರಾತ್ರಿ ಎರಡು ಮುದ್ದೆ ಉಂಡು, ನಾಳೆ ಬೇಗ ಎಬ್ಬಿಸು ಎಂದು ಹೆಂಡತಿಗೆ ಹೇಳಿ ಮಲಗಿದವನು, ನಾಲ್ಕೂವರೆಗೆ ಒಂದು ಸಲ ಜೋರಾಗಿ ಉಸಿರೆಳೆದು, ಮತ್ತೆ ಏಳಲಿಲ್ಲ, ಎಂದು.

*

ಮೂರು ವರ್ಷದ ಹಿಂದೆ, ಪರಿಚಯವಾದ ಹೊಸದರಲ್ಲಿ, ಮಾನಸಾ ಡ್ರೋನ್ ತಂದಾಗ ಗಂಗಹನುಮಯ್ಯ ಮೊದಲು ಹೇಳಿದ ಮಾತು, "ಮೊದ್ಲು ನಮ್ಮನೆ ಮೇಲೆ ಹಾರ್ಸು."

ನಲವತ್ತು ವರ್ಷ ಸೂರುಗಳ ಮೇಲೆ ಕುಕ್ಕರುಗಾಲಲ್ಲಿ ಕೂತು ಕಳೆದವನು. ಆದರೆ ಒಂದು ಸೂರನ್ನೂ ಇಡಿಯಾಗಿ ನೋಡಿರಲಿಲ್ಲ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮೊಬೈಲಿನ ಮೇಲೆ ಬಗ್ಗಿದ.

"ಇಷ್ಟೇನಾ?" ಎಂದ. ಆಮೇಲೆ ಒಳಗೆ ಕೂಗಿದ. "ಬಾರೇ ಇಲ್ಲಿ!"

ಹನುಮಂತಮ್ಮ ರಾಗಿಹಿಟ್ಟಿನ ಕೈ ಮೇಲೆತ್ತಿಕೊಂಡು ಬಂದಳು. "ಯಾರ ಮನೇನವ್ವ ಇದು? ಚೆನ್ನಾಗಿದೆ."

"ನಿಂದೇ ಕಣೇ."

"ನಮ್ದಾ? ಹಪ್ಪಳ ಒಣಗಿಸಿದಂಗೆ ಸಾಲಾಗಿ ಐತೆ."

"ಒಂದು ಹಪ್ಪಳ ಸೊಟ್ಟಗಿದ್ರೆ ತೋರ್ಸು ನೋಡಾನ."

ಅವಳು ಸೊಸೆ ನೋಡಲು ಬಂದವಳ ಹಾಗೆ ಇಂಚಿಂಚು ಹುಡುಕಿದಳು. ಕೊನೆಗೆ, ಹಿಟ್ಟು ತಾಗದಂತೆ ಮೊಣಕೈಯಲ್ಲಿ ಒಂದು ಮೂಲೆ ತೋರಿಸಿದಳು. "ಇದು ಒಂದು ಚೂರು."

ಗಂಗಹನುಮಯ್ಯ ನೋಡಿದ. ಮತ್ತೆ ನೋಡಿದ. ಅವತ್ತು ಮಧ್ಯಾಹ್ನವೇ ಗುಂಡಯ್ಯ ಬಂದು ಏಣಿಯ ಮೇಲೆ ನಿಂತೇ ಆ ಮೂಲೆ ಸರಿಮಾಡಿ ಹೋದ. ಹನುಮಂತಮ್ಮ ಒಂದು ವಾರ ಅದನ್ನೇ ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡಿದಳು.

ಆಮೇಲೆ ಮೂರು ವರ್ಷ ಅವನು ಹೆಲ್ಮೆಟ್ ಹಾಕಿಕೊಂಡು ಮಾನಸಾಳ ಸ್ಕೂಟಿಯ ಹಿಂದೆ ಕೂತು ಊರೂರು ತಿರುಗಿದ. ಅವಳು ಮೇಲಿಂದ ನೋಡುವಳು, ಅವನು ಒಳಗೆ ಹೋಗಿ ಕೆಳಗಿಂದ ನೋಡುವನು. ಮೊದಲ ಮಳೆ ಬಿದ್ದ ದಿನ ನೋಡಿಕೊಟ್ಟ ಮನೆಗಳಿಗೆಲ್ಲ ಅವಳ ಕೈಯಲ್ಲಿ ಫೋನ್ ಮಾಡಿಸುವನು. "ಸೋರ್ತಾ?" ಇಲ್ಲ ಎಂದರೆ, "ಸರಿ, ಹೊದ್ಕೊಂಡು ಮಲಗಿ." ಅಷ್ಟಕ್ಕೇ ಅವನ ಮಳೆಗಾಲ ಸುಖವಾಗಿ ಮುಗಿಯುತ್ತಿತ್ತು.

*

ಡ್ರೋನ್ ಎದ್ದಾಗ ಬೇವಿನ ಮರದ ಕಾಗೆಗಳು ಚದುರಿದವು. ನರಸಯ್ಯ ಮಾನಸಾಳ ಹೆಗಲ ಹಿಂದೆ ನಿಂತು ಮೊಬೈಲಿಗೆ ಮೂಗು ತಾಗಿಸುವಷ್ಟು ಬಗ್ಗಿದ. ಅವನ ಹಿಂದೆ ಹತ್ತು ತಲೆ.

ಮುಂದಿನ ಇಳಿಜಾರಿನಲ್ಲಿ ಒಂದು ಹೆಂಚೂ ಅಲುಗಿರಲಿಲ್ಲ. ಡ್ರೋನ್ ನೆತ್ತಿ ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಅರ್ಧ ಭಾಗಕ್ಕೆ ಹಿತ್ತಲಿನ ಇನ್ನೊಂದು ಬೇವಿನ ಮರದ ನೆರಳು.

"ನಿಲ್ಸು ನಿಲ್ಸು! ಅದೇನು ಕಪ್ಪಗೆ?"

ಕೆಂಪು ಸಾಲುಗಳ ನಡುವೆ, ಒಂದು ಹೆಂಚಿನ ಅಳತೆಗೆ ಸರಿಯಾಗಿ, ಕಪ್ಪು ಚೌಕ.

"ತೂತು! ಒಂದು ಹೆಂಚೇ ಇಲ್ಲ ಕಣ್ರಲಾ!" ನರಸಯ್ಯನ ಮುಖ ಅರಳಿತು. ಯಾರೋ, "ಕೋತಿ ಕೆಲಸ," ಎಂದರು. "ಕೋತಿ ಅಂದ್ರೆ ಯಾರು? ಆಂಜನೇಯ. ಅವನ ಹೆಸರಿಟ್ಕೊಂಡೋನಿಗೆ ಅವನೇ ದಾರಿ ಬಿಟ್ಟವ್ನೆ," ಎಂದರು ಇನ್ನೊಬ್ಬರು. ಗುಂಡಯ್ಯ ಮಾತ್ರ ತಲೆ ತಗ್ಗಿಸಿ ಹುರಿಯ ಗಂಟನ್ನೇ ನೋಡುತ್ತ ಕುಳಿತ.

ಮಾನಸಾ ಮಂಜುಳಮ್ಮನ ಕಡೆ ನೋಡಿದಳು. ಅದೇನೆಂದು ಮಂಜುಳಮ್ಮನಿಗೆ ಗೊತ್ತಿತ್ತು. ಅದರ ಕೆಳಗೇ ಕೂತು ಓದಿ ಏಳನೇ ಕ್ಲಾಸು ಪಾಸು ಮಾಡಿದವಳು ಅವಳು. ಈಗ ಅವಳ ಕಣ್ಣು, ಸುಮ್ಮನಿರು ಎಂದು ಬೇಡುತ್ತಿತ್ತು.

ನರಸಯ್ಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಇನ್ನೊಬ್ರ ಮಾತು ನಂಗೆ ಬ್ಯಾಡ. ಇದು ನಿನ್ನ ಕಸುಬು. ನೀನು ಹೇಳವ್ವ. ತೂತು ತಾನೇ?"

ಒಂದು 'ಹೂಂ' ಸಾಕಿತ್ತು.

*

ಮೂರು ವರ್ಷದ ಹಿಂದೆ ಅವಳು ಗಂಗಹನುಮಯ್ಯನನ್ನು ಮೊದಲು ಕಂಡಿದ್ದು ಕುಣಿಗಲ್ಲಿನ ಸದಾಶಿವಯ್ಯನವರ ದೊಡ್ಡ ಹಳೆಯ ಮನೆಯಲ್ಲಿ. ಮಾನಸಾ ಆಗಷ್ಟೇ ಡ್ರೋನ್ ಕಲಿತು ಕೆಲಸಕ್ಕಿಳಿದಿದ್ದಳು. ಬೀದಿಯಲ್ಲಿ ನಿಂತೇ ಹಾರಿಸಿ, ಏಳು ತೂತು ಎಂದು ಬರೆದುಕೊಟ್ಟಳು. ಅವರು ಬೇಸತ್ತು, ಹೆಂಚೆಲ್ಲ ಕಿತ್ತು ಶೀಟು ಹಾಕಿಸುವುದೆಂದು ತೀರ್ಮಾನಿಸಿ, ಹೆಂಚು ಇಳಿಸಲು ಗಂಗಹನುಮಯ್ಯನನ್ನು ಕರೆಸಿದರು.

ಅವನು ಏಣಿ ಹಾಕುವ ಮೊದಲು ಒಳಗೆ ಹೋದ. ಹೊರಗೆ ಬಂದು, "ಯಾರು ಬರೆದಿದ್ದು ಇದನ್ನ?" ಎಂದ.

"ನಾನು ತಾತ."

"ಒಳಗೆ ಹೋಗಿದ್ದೇನವ್ವ?"

"ಇಲ್ಲ."

"ಬಾ."

ಒಳಗೆ ನೆಲದ ಮೇಲೆ ಏಳು ಕಡೆ ಬಿಸಿಲು ಬಿದ್ದಿತ್ತು. "ನೆಲ ನೋಡು. ಸೋರೋ ತೂತಾಗಿದ್ರೆ ಕೆಳಗೆ ಹನಿ ಬಿದ್ದು ಬಿದ್ದು ಗುಳಿ ಆಗಿರ್ತದೆ. ಇಲ್ಲಿ ಗುಳಿ ಎಷ್ಟವೆ?"

ಎರಡು ಇದ್ದವು. ಉಳಿದ ಐದು ಗಾಜಿನ ಹೆಂಚು. ಒಳಗೆ ಕತ್ತಲಿದ್ದರೆ ಮೇಲಿಂದ ಗಾಜು ಕಪ್ಪಗೆ ಕಾಣುತ್ತದೆ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗಂಗಹನುಮಯ್ಯ ಹೊರಗೆ ಹೋಗಿ ಯಜಮಾನರಿಗೆ, "ಹುಡುಗಿ ಅರ್ಧ ನೋಡವ್ಳೆ, ಮಿಕ್ಕರ್ಧ ನಾನು ನೋಡ್ದೆ. ಎರಡು ಹೆಂಚು ಬದಲಾಯಿಸಿದ್ರೆ ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ," ಎಂದ. ಒಂದು ತಿಂಗಳ ಕೆಲಸ ಅರ್ಧ ದಿನಕ್ಕೆ ಮುಗಿಯಿತು.

ಆಮೇಲೆ ಟೀ ಅಂಗಡಿಯಲ್ಲಿ ಹೇಳಿದ್ದ. "ಇಲ್ಲದ ತೂತು ಐತೆ ಅನ್ನಬ್ಯಾಡ. ಇರೋ ತೂತು ಇಲ್ಲ ಅನ್ನಬ್ಯಾಡ. ಕಸುಬು ಅಂದ್ರೆ ಇಷ್ಟೇ, ಮಿಕ್ಕಿದ್ದೆಲ್ಲ ಮಂಡಿ ಕೆಲಸ. ನಂಗೆ ಮಂಡಿ ಹೋಯ್ತು. ನಿನ್ನ ಹಕ್ಕಿಗೆ ಮಂಡೀನೇ ಇಲ್ಲ. ಜೊತೇಲಿ ಮಾಡಾನ ಏನು?"

*

"ತೂತಲ್ಲ ಯಜಮಾನ್ರೇ," ಎಂದಳು ಮಾನಸಾ. "ಅದು ಗಾಜಿನ ಹೆಂಚು. ಅಡುಗೆಮನೆ ಮೇಲಿರೋದು. ನೆರಳಿಗೆ ಹಂಗೆ ಕಾಣ್ತದೆ."

ಮಂಜುಳಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಒಂದು ಹೂಂ ಅಂದಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು?"

ಮಾನಸಾ ಡ್ರೋನ್ ಇಳಿಸಿ, ಬಗ್ಗಿ ಅದರ ರೆಕ್ಕೆ ಮಡಚುತ್ತ ಕೂತಳು. ಅಷ್ಟರಲ್ಲಿ ಬಾಗಿಲಲ್ಲಿ ಹನುಮಂತಮ್ಮ ಕಾಣಿಸಿದಳು.

"ಅವಳನ್ನ ಯಾಕೆ ಬೈತೀಯ? ಅವಳು ಹೂಂ ಅಂದಿದ್ರೆ ನಿಮ್ಮಪ್ಪ ಎದ್ದು ಕೂತು ಬೈಯೋನು." ಆಮೇಲೆ ನರಸಯ್ಯನ ಕಡೆ ತಿರುಗಿದಳು. "ಭಾವ, ಗಾಜಿನಲ್ಲಿ ಬೆಳಕು ಬರ್ತದೆ. ಬೆಳಕು ಬರೋ ದಾರೀಲಿ ಜೀವ ಹೋಗಲ್ವಾ?"

ನರಸಯ್ಯ ಗಲ್ಲ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದ. "ಬೆಳಕು ಬೇರೆ, ಉಸಿರು ಬೇರೆ ಕಣಮ್ಮ. ಉಸಿರು ಅಂದ್ರೆ ಗಾಳಿ. ಗಾಜಿನಲ್ಲಿ ಗಾಳಿ ಆಡ್ತದಾ?"

"ಆಡಲ್ಲ."

"ಮತ್ತೆ?"

"ಹಂಗಾದ್ರೆ ಈಗ ತೆಗ್ಸಿ."

"ಈಗ ತೆಗ್ಸಿ ಏನು ಬಂತು? ಉಸಿರು ಹೋಗಿ ಏಳು ಗಂಟೆ ಆಯ್ತು."

"ಹೋಗಿದ್ರೆ ನೀವು ಬೀಗ ಹಾಕ್ಸೋದು ಯಾಕೆ? ಜೀವ ಮನೆ ಬಿಟ್ಟು ಹೋಗಿಲ್ಲ ಅಂತ ನೀವೇ ತಾನೇ ಅಂದಿದ್ದು? ಬಸ್ಸು ಇನ್ನೂ ಸ್ಟ್ಯಾಂಡಲ್ಲೇ ಐತೆ ಭಾವ. ಈಗ ಬಾಗ್ಲು ತೆಗೆದ್ರೆ ಹತ್ಕಳಾಕಾಗಲ್ವಾ?"

ಈ ಸಲ ಗುಂಡಯ್ಯ ಟವೆಲ್ಲನ್ನೂ ಅಡ್ಡ ಹಿಡಿಯದೆ ನಕ್ಕ. ನರಸಯ್ಯ ಅವನನ್ನು ಗದರಿಸಲಿಲ್ಲ. ಒಳಗೆ ಮಲಗಿದ್ದ ತಮ್ಮನ ಪಾದಗಳನ್ನು ಬಾಗಿಲಿನಿಂದಲೇ ಸ್ವಲ್ಪ ಹೊತ್ತು ನೋಡಿದ. ಪಕ್ಕಕ್ಕೆ ಹೋಗಿ ಜೋಯಿಸರಿಗೆ ಮತ್ತೆ ಫೋನ್ ಮಾಡಿದ. "ಹೂಂ... ಹೆಣ ಇನ್ನೂ ಒಳಗೇ ಐತೆ... ಹೂಂ... ಹೂಂ," ಎಂದು ಇಟ್ಟ. ವಾಪಸು ಬಂದು ಮಾನಸಾಳ ಮುಂದೆ ನಿಂತ.

"ನೀನು ತೂತು ಅಂದಿದ್ರೆ ನಂಬಿಬಿಡ್ತಿದ್ದೆ ಕಣವ್ವ. ಆಮೇಲೆ ಯಾರಾದ್ರೂ ಗಾಜು ಅಂದಿದ್ರೆ ಸಾಯೋ ತನಕ ನಿದ್ದೆ ಬರ್ತಿರಲಿಲ್ಲ." ಅಂಗಳದ ಕಡೆ ತಿರುಗಿ ದನಿ ಏರಿಸಿದ. "ಚಟ್ಟ ಆಮೇಲೆ. ಮೊದ್ಲು ಏಣಿ ತನ್ರಲಾ!"

ಏಣಿ ಬಂತು. ಹತ್ತುವವರು ಯಾರು ಎನ್ನುವುದು ಉಳಿಯಿತು. ಎಲ್ಲರೂ ಗುಂಡಯ್ಯನನ್ನು ನೋಡಿದರು.

"ನಾನು ಹತ್ತಿ ಹತ್ತು ಹೆಂಚು ತುಳಿದು ಒಡೆದ್ರೆ ಗಂಗಣ್ಣ ಮೊದ್ಲು ನನ್ನನ್ನೇ ಕರ್ಕೊಂಡು ಹೋಗೋದು. ಹಗುರಾಗಿರೋರು ಹತ್ಲಿ. ಯಾವ ಹೆಂಚು ಎಲ್ಲೈತೆ ಅಂತ ಈ ಹುಡುಗಿಗೆ ಗೊತ್ತು."

ನೂರಾರು ಸೂರು ನೋಡಿದವಳು ಮಾನಸಾ. ಒಂದರ ಮೇಲೂ ಕಾಲಿಟ್ಟಿರಲಿಲ್ಲ. ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದಳು. ಮಂಜುಳಮ್ಮ ಎದ್ದು ಬಂದು ಗುಂಡಯ್ಯನ ಜೊತೆ ಏಣಿಗೆ ಕೈ ಕೊಟ್ಟಳು.

"ಹೆಂಚಿನ ನಡುಮಧ್ಯ ತುಳೀಬ್ಯಾಡ. ಹೆಂಚಿನ ಮೇಲೆ ಹೆಂಚು ಕೂತಿರೋ ಕಡೆ ಕಾಲಿಡು, ಅಲ್ಲಿ ಕೆಳಗೆ ಮರದ ರೀಪು ಆಸರೆಗೆ ಇರ್ತದೆ," ಎಂದು ಗುಂಡಯ್ಯ ಕೂಗುತ್ತಿದ್ದ.

ಹೆಂಚು ಅಂಗಾಲಿಗೆ ಬೆಚ್ಚಗಿತ್ತು. ಒಂದೊಂದು ಹೆಜ್ಜೆಗೂ ಟಣ್ಣೆಂದು ಸಣ್ಣಗೆ ಸದ್ದು ಮಾಡುತ್ತಿತ್ತು. ಮೊಬೈಲಿನಲ್ಲಿ ಅವಳಿಗೆ ಯಾವತ್ತೂ ಕೇಳದ ಸದ್ದು. ನೆತ್ತಿ ದಾಟಿ, ಕುಳಿತು ಕುಳಿತೇ ಜಾರುತ್ತ ನೆರಳಿಗೆ ಬಂದಳು. ಮೇಲಿನ ಹೆಂಚನ್ನು ಒಂದಿಷ್ಟು ಎತ್ತಿ ಹಿಡಿದು, ಗಾಜನ್ನು ಮೆಲ್ಲಗೆ ತನ್ನ ಕಡೆಗೆ ಎಳೆದಳು. ನಿನ್ನೆ ಕೂರಿಸಿದ್ದೇನೋ ಎನ್ನುವ ಹಾಗೆ, ಅಕ್ಕಪಕ್ಕ ಏನನ್ನೂ ಕದಲಿಸದೆ ಅದು ಕೈಗೆ ಬಂತು.

ಒಳಗಿನಿಂದ ಹಳೆಯ ಹೊಗೆಯ, ಊದುಬತ್ತಿಯ, ರಾಗಿಯ ವಾಸನೆ ಹೊತ್ತ ಗಾಳಿ ಒಮ್ಮೆಲೇ ಮೇಲೆದ್ದು, ಅವಳ ಮುಂಗೂದಲನ್ನು ಎತ್ತಿ, ಬೇವಿನ ಎಲೆಗಳನ್ನು ಅಲುಗಿಸಿ ಹೋಯಿತು.

"ಕೊಡಿಲ್ಲಿ. ಅದನ್ನ ಹಿಡ್ಕೊಂಡು ಇಳೀತಾ ಒಡೆದೀಯ," ಎಂದಿತು ಕೆಳಗಿನಿಂದ ಒಂದು ದನಿ.

ಹನುಮಂತಮ್ಮ ಅಡುಗೆಮನೆಯಲ್ಲಿ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಎರಡೂ ಕೈ ಮೇಲೆ ಚಾಚಿದ್ದಳು. ಮಾನಸಾ ಬೋರಲು ಮಲಗಿ, ಆ ತೆರಪಿನಲ್ಲಿ ತೋಳು ಇಳಿಬಿಟ್ಟು ಗಾಜು ಕೊಟ್ಟಳು. ಮುದುಕಿ ಅದನ್ನು ಕೂಸನ್ನು ಇಳಿಸಿಕೊಳ್ಳುವ ಹಾಗೆ ಇಳಿಸಿಕೊಂಡು, ಸೆರಗಿನಿಂದ ಮಸಿ ಒರೆಸಿ, ನಾಳೆ ಮತ್ತೆ ಹಾಕುವಾಗ ಕೈಗೆ ಸಿಗಲೆಂದು, ಒಲೆಯ ಪಕ್ಕದ ಗೋಡೆಗೆ ಒರಗಿಸಿಟ್ಟಳು.