ಅತ್ತೆ ಯಾರ ಹೆಸರಲ್ಲಿ?

ನಮ್ಮ ಪುರಸಭೆಯಲ್ಲಿ ಕೆಲಸ ಸಿಗುವುದು ಕಷ್ಟ, ಸಿಕ್ಕಿದ ಮೇಲೆ ಜೋಡಿ ಸಿಗುವುದು ಸುಲಭ. ನಾನು ಬೀದಿದೀಪದ ವಿಭಾಗ, ನನ್ನ ಹೆಂಡತಿ ಕಂದಾಯದ ಕೌಂಟರು. ನೀರಿನ ಮೇಸ್ತ್ರಿಯ ಹೆಂಡತಿ ಜನನ ಮರಣ ವಿಭಾಗದವಳು. ಹೀಗೆ ಕಚೇರಿಯ ಅರ್ಧಕ್ಕರ್ಧ ಜನ ಒಬ್ಬರಿಗೊಬ್ಬರು ಗಂಟುಬಿದ್ದವರೇ.

ಅಂಥ ಕಚೇರಿಗೆ ಒಂದು ಸುದ್ದಿ ಬಂತು. ನೌಕರರ ಆರೋಗ್ಯ ವಿಮೆಯ ಖರ್ಚು ಕೈಮೀರಿದೆ, ಇನ್ನು ಮುಂದೆ ಅಪ್ಪ, ಅಮ್ಮ, ಅತ್ತೆ, ಮಾವ ಯಾರಿಗೂ ವಿಮೆ ಇಲ್ಲವಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ತಾಯಿ ನಮ್ಮ ಜೊತೆಗೇ ಇದ್ದಾರೆ. ನನಗೂ ಅತ್ತೆಗೂ ಹಾವು ಮುಂಗುಸಿ ಸಂಬಂಧ, ಅದು ಬೇರೆ ಮಾತು. ಆದರೆ ಅವರ ಹೃದಯ ನಡೆಯುತ್ತಿರುವುದೇ ಆ ವಿಮೆಯಿಂದ ಬರುವ ಮಾತ್ರೆಗಳ ಮೇಲೆ. ಅಂಗಡಿಯಲ್ಲಿ ಕೊಳ್ಳಹೋದರೆ ನನ್ನ ಸಂಬಳ ಅಲ್ಲಿಗೇ ಸರಿ.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದರು ಅತ್ತೆ. ಆ ವಾರವೇ ಮೆಟ್ಟಿಲ ಮಧ್ಯೆ ಕೂತು ಏದುಸಿರು ಬಿಡತೊಡಗಿದರು.

ಈ ವಿಷಯಕ್ಕೆಂದೇ ಕರೆದ ನೌಕರರ ಸಭೆಗೆ ನಾನು ತೋಳೇರಿಸಿಕೊಂಡೇ ಹೋದೆ. "ಯಾರ್ರೀ ಅಷ್ಟು ದುಡ್ಡು ತಿಂತಿರೋದು? ನಮ್ಮನೆ ಮುದುಕರಾ?" ಎಂದು ಕೂಗಿದೆ.

ಲೆಕ್ಕಾಧಿಕಾರಿ ಕನ್ನಡಕ ಒರೆಸಿಕೊಂಡರು. "ವಿಮೆ ಕಂಪನಿಯವ್ರು ತಲೆಗಿಷ್ಟು ಅಂತ ತಗೋತಾರೆ ಸ್ವಾಮಿ. ಈ ವರ್ಷ ರೇಟೂ ಏರಿಸಿದಾರೆ. ನಮ್ಮಲ್ಲಿ ನೌಕರರಿಗಿಂತ ಅತ್ತೆ ಮಾವಂದಿರೇ ಜಾಸ್ತಿ. ಅದು ಹೆಂಗೆ ಅಂತ ನನ್ನ ತಲೆಗೇ ಹೋಗ್ತಿಲ್ಲ."

ಹೆಂಡತಿ ನನ್ನ ತೋಳು ಜಗ್ಗಿದಳು. "ರೀ, ಅಮ್ಮನ್ನ ವಿಮೆಗೆ ನೀವು ಸೇರಿಸಿದೀರಾ?"

"ಹೂಂ, ಮದುವೆಯಾದ ವರ್ಷವೇ. ಯಾಕೆ?"

"ಅಯ್ಯೋ ದೇವ್ರೇ! ನೀವು ಮರೀತೀರಿ ಅಂತ ನಾನೂ ಸೇರಿಸಿದೀನಲ್ರೀ!"

ಅವಳ ಪಿಸುಮಾತು ಇಡೀ ಸಭೆಗೆ ಕೇಳಿಸುವಂಥದ್ದು. ನೀರಿನ ಮೇಸ್ತ್ರಿ ಮೆಲ್ಲಗೆ ಕೆಮ್ಮಿ, "ನಮ್ಮನೇಲೂ ಹಂಗೇ ಆಗಿರ್ಬೇಕು," ಎಂದ. ಆಮೇಲೆ ನೋಡಬೇಕಿತ್ತು! ಸಾಲುಸಾಲಾಗಿ ಗಂಡಂದಿರು ಹೆಂಡಿರ ಕಡೆ, ಹೆಂಡಿರು ಗಂಡಂದಿರ ಕಡೆ ತಿರುಗಿ, "ನೀನೂನಾ?" "ನೀವೂನಾ?" ಎಂದು ಶುರುಮಾಡಿದರು. ಯಾರೋ ಕಿಸಕ್ಕನೆ ನಕ್ಕರು, ಸಭೆ ಪೂರ್ತಿ ನಕ್ಕಿತು.

ಲೆಕ್ಕಾಧಿಕಾರಿ ಮಾತ್ರ ನಗಲಿಲ್ಲ. ಕೂಡಿ ಕಳೆದು ತಲೆಯೆತ್ತಿದರು. "ಎರಡೆರಡು ಸಲ ಸೇರಿಸಿದೋರನ್ನ ಒಂದೊಂದು ಸಲ ತೆಗೆದ್ರೆ ಸಾಕು. ಯಾರನ್ನೂ ಕೈಬಿಡ್ಬೇಕಾಗಿಲ್ಲ." ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

"ನಿಮ್ಮತ್ತೆ ಯಾರ ಹೆಸರಲ್ಲಿರ್ಲಿ?" ಎಂದು ಕೇಳಿದರು. ಹೆಂಡತಿ ಬಾಯಿ ತೆರೆಯುವ ಮೊದಲೇ, "ನನ್ನ ಹೆಸರಲ್ಲೇ ಇರ್ಲಿ. ಜಗಳ ಆಡೋಕೆ ಹಕ್ಕು ಬೇಕಲ್ಲ," ಎಂದೆ.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ನಂಬಲೇ ಇಲ್ಲ. ಎರಡೆರಡು ಸಲ ಕೇಳಿದರು. ಆಮೇಲೆ ದಿಂಬಿನಡಿಯಿಂದ ಒಂದು ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ಒಳಗೆ ಮುರಿದಿಟ್ಟ ಅರ್ಧರ್ಧ ಮಾತ್ರೆಗಳು.

"ಹಂಗಾದ್ರೆ ಇವತ್ತಿಂದ ಇಡೀ ಮಾತ್ರೆ ನುಂಗ್ಲಾ?"

"ನುಂಗಿ ಅತ್ತೆ, ನುಂಗಿ!" ಎಂದು ಗದರಿದೆ. ನೀರಿನ ಲೋಟ ಕೈಗಿಟ್ಟು, ಅವರು ನುಂಗುವವರೆಗೂ ಅಲ್ಲೇ ನಿಂತೆ.